ಎರಡೂ ಚೆನ್ನಾಗಿವೆ

ಅಳಿಯ ಒಂದೇ ಎಳೆತಕ್ಕೆ ಸ್ಪೀಕರುಗಳ ನಾಲ್ಕು ತಂತಿಗಳನ್ನೂ ಕಿತ್ತ. ಆಸ್ಪತ್ರೆಯಿಂದ ಮಾವನ ಶವಪೆಟ್ಟಿಗೆ ಬರುವಷ್ಟರಲ್ಲಿ ಹಾಲ್ ಖಾಲಿಯಾಗಬೇಕಿತ್ತು. ಸೊಂಟದೆತ್ತರದ ಆ ಎರಡು ಸ್ಪೀಕರುಗಳು ನೋಡಿದರೆ ಮನೆಯಳಿಯಂದಿರ ಹಾಗೆ ಅರ್ಧ ಜಾಗ ಹಿಡಿದುಕೊಂಡು ಕೂತಿದ್ದವು.

ಅದನ್ನು ಕಂಡು ರೇಡಿಯೋ ರಿಪೇರಿಯವನು ಹೊರಗಿನಿಂದ ಓಡಿಬಂದ. ಸತ್ತವನ ನಲವತ್ತು ವರ್ಷದ ಸ್ನೇಹಿತ ಅವನು. "ನಿಧಾನಪ್ಪ, ಅದೇನು ಬೇಲಿ ಗೂಟಾನಾ ಹಾಗೆ ಕೀಳೋಕೆ?" ಎಂದು ಗದರಿದ. ಅಂಗೈಯಗಲದ ಹೆಡ್‌ಫೋನ್ ಆಂಪ್ಲಿಫೈಯರನ್ನು ಮಾತ್ರ ತಾನೇ ಎತ್ತಿಕೊಂಡು, ತೋಳಿನಿಂದ ಧೂಳು ಒರೆಸಿ, ಎಲ್ಲಿಡಬೇಕೆಂದು ತಿಳಿಯದೆ ನಿಂತ.

ಸತ್ತವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಆಕೆಗೆ ಇನ್ನೂ ಅಳು ಬಂದಿರಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಒಂದು ಪ್ರಶ್ನೆ, ಅದೂ ಇವತ್ತಿನದಲ್ಲ, ಎರಡು ವರ್ಷ ಹಳೆಯದು. ಈ ಮನುಷ್ಯ ನನ್ನ ಪಕ್ಕದಲ್ಲಿ ಕೂತು ಹಾಡು ಕೇಳುವುದನ್ನು ಯಾಕೆ ಬಿಟ್ಟುಬಿಟ್ಟ? ನಾನು ಏನು ತಪ್ಪು ಮಾಡಿದೆ? ಮಗಳು ಬಂದು ಎಡಭುಜ ಮುಟ್ಟಿ ಏನೋ ಕೇಳಿದಳು. ಆಕೆ "ಹೂಂ" ಅಂದಳು. ಮಗಳು ಹೋಗಿ ಒಂದು ಲೋಟ ಕಾಫಿ ತಂದಳು. ಆಕೆಗೆ ಕಾಫಿ ಬೇಕಿರಲಿಲ್ಲ.

*

ಆಕೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುವ ಕೆಲಸ ಮಾಡಿದವಳು. ಎಡಗಿವಿಗೆ ಹೆಡ್‌ಸೆಟ್ಟು, ಬಲಗಿವಿಗೆ ಮೇಲ್ವಿಚಾರಕಿಯ ಬೈಗುಳ. ಹದಿನೈದನೆಯ ವರ್ಷಕ್ಕೆ ಎಡಗಿವಿ ಪೂರ್ತಿ ಕೈಕೊಟ್ಟಿತು. ಕಿವಿ ಕೆಟ್ಟವರನ್ನು ಬೋರ್ಡಿನ ಮುಂದಿನಿಂದ ಎಬ್ಬಿಸಿ ಕಡತದ ಕೋಣೆಗೆ ಹಾಕುತ್ತಿದ್ದರು. ಅಲ್ಲಿಗೆ ಹೋದವರನ್ನು ಆಮೇಲೆ ಯಾರೂ ಊಟಕ್ಕೂ ಕರೆಯುತ್ತಿರಲಿಲ್ಲ. ಹಾಗಾಗಿ ಆಕೆ ಹೆಡ್‌ಸೆಟ್ಟನ್ನು ಸದ್ದಿಲ್ಲದೆ ಬಲಕ್ಕೆ ಬದಲಿಸಿಕೊಂಡಳು. ಗಂಡನಿಗೂ ಹೇಳಲಿಲ್ಲ. ಮೊದಮೊದಲು ಆತನ ಬಾಯಿಂದ ಎಲ್ಲಾದರೂ ಜಾರೀತೆಂದು, ಆಮೇಲೆ ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಕೇಳಿಯಾನೆಂದು. ದಾರಿಯಲ್ಲಿ ಯಾವಾಗಲೂ ಆತನ ಎಡಕ್ಕೇ ನಡೆದಳು. ತನ್ನ ಎಡಗಡೆಯಿಂದ ಯಾರು ಏನು ಕೇಳಿದರೂ ತಲೆಯಾಡಿಸಿದಳು. ಹತ್ತರಲ್ಲಿ ಒಂಬತ್ತು ಸಲ ಜನ ಕೇಳುವುದೇ ಹೂಂ ಅನ್ನಿಸಿಕೊಳ್ಳುವುದಕ್ಕೆ, ಆದ್ದರಿಂದ ಬಾಳು ನಡೆಯಿತು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡು ಅನ್ನುತ್ತಾರಲ್ಲ, ಆಕೆಗೆ ಬಿಡುವುದಕ್ಕೆ ಆ ಕಿವಿಯೇ ಇರಲಿಲ್ಲ. ಕೇಳಿದ್ದೆಲ್ಲ ಒಳಗೇ ಉಳಿಯಿತು.

ಗಂಡ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಸಂಗೀತದ ಹುಚ್ಚು. ಹೆಂಡತಿ ದಿನವಿಡೀ ಕಿವಿ ಸವೆಸಿ ಬರುತ್ತಾಳೆಂದು ಆ ಅಂಗೈಯಗಲದ ಡಬ್ಬಿಗೆ ಹೆಡ್‌ಫೋನ್ ಚುಚ್ಚಿಕೊಂಡು ಮೂಲೆಯಲ್ಲಿ ಒಬ್ಬನೇ ಕೇಳುತ್ತಿದ್ದ. ಆಕೆ ನಿವೃತ್ತಳಾದ ವಾರ, ರಿಪೇರಿಯವನ ಜೊತೆ ಒಂದು ಹಳೆಯ ದೊಡ್ಡ ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ಹೊತ್ತುಕೊಂಡು ಬಂದ. ದೊಡ್ಡದಕ್ಕೆ ಸದ್ದು ಏರಿಸಿ ಇಳಿಸುವ ಗುಂಡಿಯೇ ಇರಲಿಲ್ಲ. ಅದರ ಮುಂದೆ ಪ್ರಿಆಂಪ್ ಅನ್ನುವ ಇನ್ನೊಂದು ಯಂತ್ರ ಬೇಕಂತೆ. "ಇನ್ನೊಂದು ಯಾಕೆ? ನಿನ್ನ ಹೆಡ್‌ಫೋನ್ ಡಬ್ಬೀನೇ ಆ ಕೆಲಸ ಮಾಡುತ್ತೆ," ಎಂದ ರಿಪೇರಿಯವನು. ಡಬ್ಬಿಯ ಬೆನ್ನಿನಿಂದ ತಂತಿ ಎಳೆದು ದೊಡ್ಡದಕ್ಕೆ ಜೋಡಿಸಿದ. ಹೆಡ್‌ಫೋನಿನ ಪಿನ್ ಚುಚ್ಚಿದರೆ ಸ್ಪೀಕರುಗಳ ಬಾಯಿ ಬಂದ್, ಕಿತ್ತರೆ ಹಾಲ್ ತುಂಬ ಹಾಡು. ಗಂಡ ಪಿನ್ ಕಿತ್ತು, ಎರಡು ಕುರ್ಚಿ ಪಕ್ಕಪಕ್ಕ ಹಾಕಿ, ಇನ್ನು ಒಬ್ಬನೇ ಕೇಳುವುದು ಮುಗಿಯಿತು ಅಂದ.

ನಾಲ್ಕು ವರ್ಷ ಪ್ರತಿ ಸಂಜೆ ಇಬ್ಬರೂ ಕೂತರು. ಆಕೆಗೆ ಹಾಡೆಲ್ಲ ಬಲಗಡೆಯಿಂದಲೇ ಬರುತ್ತಿತ್ತು. ಆದರೂ ಅಷ್ಟು ಸುಖವನ್ನು ಆಕೆ ಯಾವತ್ತೂ ಕಂಡಿರಲಿಲ್ಲ. ಹಾಗಿರುವಾಗ ಒಂದು ಭಾನುವಾರ ಆತ ಪಿನ್ ಮತ್ತೆ ಚುಚ್ಚಿದ. ಯಾಕೆ ಎಂದು ಕೇಳಿದ್ದಕ್ಕೆ, "ನೀನು ಆರಾಮಾಗಿರು," ಎಂದಷ್ಟೇ ಹೇಳಿದ. ನನ್ನ ಸಂಗ ಸಾಕಾಯಿತು ಎಂದು ಆಕೆ ತಿಳಿದಳು. ಅಡುಗೆಮನೆಗೆ ಹೋಗಿ ಬೇಕಿಲ್ಲದ ಪಾತ್ರೆಗಳನ್ನೂ ತೊಳೆದಳು. ಜಗಳವಾಗಿದ್ದರೆ ಬಗೆಹರಿದಿರುತ್ತಿತ್ತೇನೋ, ಆದರೆ ಇಬ್ಬರೂ ಮರ್ಯಾದಸ್ಥರು.

*

ವ್ಯಾನಿನಲ್ಲಿ ಪೆಟ್ಟಿಗೆ ಬಂತು. ಹಾಲಿನ ನಡುವೆ ಇಟ್ಟು ಮುಚ್ಚಳ ತೆಗೆದರು. ಅಂಗಡಿಯ ಹಳೆಯ ಗಿರಾಕಿಗಳು ಬಂದರು. ಆತನೇ ಗಾಜು ಆರಿಸಿಕೊಟ್ಟ ಕನ್ನಡಕ ಹಾಕಿಕೊಂಡು ಆತನ ಮುಖ ನೋಡಿದರು. ಪಕ್ಕದ ಮನೆಯಾಕೆ, ಈ ಗಂಡ ಹೆಂಡತಿ ಒಂದು ದಿನವೂ ಗಟ್ಟಿಯಾಗಿ ಮಾತಾಡಿದ್ದು ಕೇಳಿಲ್ಲ, ಇದ್ದರೆ ಹೀಗಿರಬೇಕು ಎಂದು ಎಲ್ಲರೆದುರು ಹೊಗಳಿದಳು. ಹೊಗಳಿಕೆ ಆಕೆಯ ಬಲಗಡೆಯಿಂದಲೇ ಬಂತು, ಪೂರ್ತಿ ಕೇಳಿಸಿತು.

ಹನ್ನೊಂದಕ್ಕೆ ಸ್ಮಶಾನಕ್ಕೆ ಹೊರಡಬೇಕಿತ್ತು. ಹತ್ತೂವರೆಗೆ ರಿಪೇರಿಯವನು ಬಂದು ಆಕೆಯ ಬಲಕ್ಕೆ ಕೂತ. ಡಬ್ಬಿ ಇನ್ನೂ ಅವನ ತೊಡೆಯ ಮೇಲಿತ್ತು.

"ಒಂದು ಕೇಳ್ತೀನಿ, ನಿಜ ಹೇಳಿ," ಎಂದಳು ಆಕೆ. "ಅವರು ನನ್ನ ಜೊತೆ ಹಾಡು ಕೇಳೋದನ್ನ ಯಾಕೆ ಬಿಟ್ರು?"

"ಈಗ ಯಾಕೆ ಅತ್ತಿಗೆ ಅದೆಲ್ಲ."

"ಈಗಲ್ಲದೆ ಇನ್ಯಾವಾಗ?"

ಅವನು ಪೆಟ್ಟಿಗೆಯ ಕಡೆ ನೋಡಿದ. ಸತ್ತವನ ಗುಟ್ಟನ್ನು ಸತ್ತವನೆದುರೇ ಬಿಚ್ಚಬೇಕಿತ್ತು. ಆಮೇಲೆ, ಆ ಭಾನುವಾರದ ಪರೀಕ್ಷೆ ನೆನಪಿದೆಯೇ ಎಂದು ಕೇಳಿದ.

*

ನೆನಪಿಲ್ಲದೆ ಏನು. ಗಂಡ ಅವತ್ತು ಬಲು ಹುರುಪಿನಲ್ಲಿದ್ದ. ಡಬ್ಬಿಯ ಹಿಂದೆ ನಿಂತು, "ಕಣ್ಣು ಮುಚ್ಕೊ," ಅಂದ. ಒಂದು ಹಾಡು ಹಾಕಿ, "ಇದು ಚೆನ್ನಾಗಿದೆಯಾ," ಅಂದ. ಏನೋ ಮಾಡಿ ಮತ್ತೆ ಅದೇ ಹಾಡು ಹಾಕಿ, "ಇಲ್ಲಾ, ಇದಾ?" ಅಂದ. ಕಣ್ಣಿನ ಮುಂದೆ ಗಾಜು ಬದಲಿಸುತ್ತ ಸಾವಿರಾರು ಜನರನ್ನು ಕೇಳಿದ ಅದೇ ದನಿ. ಆಕೆಗೆ ಎರಡರಲ್ಲೂ ಅದೇ ಹಾಡು, ಅದೇ ಬಲಗಡೆ. ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಹೆದರಿದಳು.

"ಎರಡೂ ಚೆನ್ನಾಗಿವೆ," ಅಂದಳು. ಆತ ಮೂರು ಸಲ ಕೇಳಿದ. ಮೂರು ಸಲವೂ ಅದನ್ನೇ ಅಂದಳು.

*

ರಿಪೇರಿಯವನು ಬಿಡಿಸಿ ಹೇಳಿದ: ಎರಡನೆಯ ಸಲ ಹಾಡು ಹಾಕುವಾಗ ಆತ ಎಡಗಡೆಯ ಸ್ಪೀಕರಿನ ತಂತಿಯನ್ನೇ ಕಿತ್ತಿದ್ದನಂತೆ. ಎರಡೂ ಸ್ಪೀಕರು ಇದ್ದಾಗ ಹಾಡುವವಳು ಹಾಲಿನ ನಡುವೆ ನಿಂತ ಹಾಗಿರುತ್ತದೆ. ಒಂದು ಹೋದರೆ ಬಲಗೋಡೆಗೆ ಸರಿದುಬಿಡುತ್ತಾಳೆ. ಚಿಕ್ಕ ಮಗುವಿಗೂ ಗೊತ್ತಾಗುವ ವ್ಯತ್ಯಾಸ. ಹೆಂಡತಿ ಅದನ್ನು ಕಂಡುಹಿಡಿದು ಹೇಳುತ್ತಾಳೆ, ಇಬ್ಬರೂ ನಗಬೇಕು ಎಂದುಕೊಂಡಿದ್ದನಂತೆ. ಅಂಗಡಿಯಲ್ಲಿ ಆತನದೊಂದು ಲೆಕ್ಕವಿತ್ತು: ಎರಡೂ ಚೆನ್ನಾಗಿವೆ ಅನ್ನುವ ಗಿರಾಕಿ ಗಾಜು ನೋಡುತ್ತಲೇ ಇಲ್ಲ, ಮನೆಗೆ ಹೋಗುವುದಕ್ಕೆ ಕಾಯುತ್ತಿದ್ದಾನೆ.

"ಮಾರನೇ ದಿನ ನನ್ನ ಹತ್ರ ಬಂದ," ಎಂದ ರಿಪೇರಿಯವನು. "'ನಾಲ್ಕು ವರ್ಷ ನನ್ನ ಸಮಾಧಾನಕ್ಕೆ ಕೂತಿದ್ದಾಳೆ ಕಣೋ, ಪಾಪ. ಅವಳಿಗೆ ಸದ್ದು ಅಂದ್ರೇ ಸಾಕಾಗಿದೆ. ಇನ್ಮೇಲೆ ಕಾಡಲ್ಲ' ಅಂದ. ನಾನೂ ಹೌದು ಹೌದು ಅಂದುಬಿಟ್ಟೆ. ಅವನು ಅಳೋದನ್ನ ನಾನು ನೋಡಿದ್ದು ಅದೊಂದೇ ಸಲ ಅತ್ತಿಗೆ."

ಎರಡು ವರ್ಷ, ಒಂದೇ ಸೂರಿನಡಿ, ಆತ ಆಕೆಯ ನೆಮ್ಮದಿಗೆಂದು ದೂರ ಕೂತ, ಆಕೆ ಆತನ ನೆಮ್ಮದಿಗೆಂದು ಬಾಯಿ ಮುಚ್ಚಿಕೊಂಡಳು. ಒಂದೇ ಒಂದು ಮಾತು ಸಾಕಿತ್ತು. ಅದನ್ನು ರಿಪೇರಿಯವನಿಗೆ ಹೇಳಿಬಿಡೋಣ ಅನ್ನಿಸಿತು. ಆದರೆ ಅದು ಮೊದಲು ಸೇರಬೇಕಾದವನು ಅಲ್ಲಿ ಮಲಗಿದ್ದ. ಕೇಳಿಸದಿದ್ದರೂ ಸರಿ, ಆತನ ಕಿವಿಯಲ್ಲೇ ಹೇಳಬೇಕು, ಮುಖ ಕಾಣುತ್ತಿರುವಾಗಲೇ ಹೇಳಬೇಕು.

ಆಕೆ ಎದ್ದಳು. ಜನ ದಾರಿ ಬಿಟ್ಟರು. ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಇಪ್ಪತ್ತೆರಡು ವರ್ಷದ ಸುಳ್ಳನ್ನು ಎಲ್ಲಿಂದ ಶುರು ಮಾಡಬೇಕು?

ವ್ಯಾನಿನವನು ಆಕೆಯ ಎಡಕ್ಕೆ ಬಂದು ನಿಂತು, ತಗ್ಗಿದ ದನಿಯಲ್ಲಿ, ತುಂಬ ಗೌರವದಿಂದ ಏನೋ ಕೇಳಿದ. ಆಕೆ ತಲೆಯಾಡಿಸಿದಳು.

ಗಂಡನ ಮುಖದ ಮೇಲೆ ಮುಚ್ಚಳದ ನೆರಳು ಬಿದ್ದಾಗಲೇ ಆಕೆಗೆ ಗೊತ್ತಾದದ್ದು. "ಅಯ್ಯೋ, ಇರಿ," ಅನ್ನುವಷ್ಟರಲ್ಲಿ ಅದು ಕೂತಿತ್ತು, ಇಬ್ಬರು ತಿರುಪು ಬಿಗಿಯುತ್ತಿದ್ದರು. ಮಗಳು ಹೆಗಲು ಬಳಸಿ ಹಿಂದಕ್ಕೆ ಎಳೆದಳು. "ನೀನೇ ಹೂಂ ಅಂದೆಯಲ್ಲಮ್ಮ. ಮುಚ್ಚಲಾ ಅಂತ ಕೇಳೇ ಮುಚ್ಚಿದ್ದು."

ಆಕೆ ಮಗಳ ಕೈ ಬಿಡಿಸಿಕೊಂಡು ಮುಚ್ಚಳದ ಮೇಲೆ ಬಾಗಿದಳು. "ರೀ," ಎಂದಳು ಹಲಗೆಗೆ. "ನನಗೆ..."

ಎಡಗಡೆಯಿಂದ ವ್ಯಾನಿನವನು ಮತ್ತೇನೋ ಕೇಳಿದ್ದಿರಬೇಕು. ಅವನ ಮುಖ ಆಕೆಯ ಕಡೆ ತಿರುಗಿತ್ತು, ತುಟಿ ಆಡಿ ನಿಂತಿತ್ತು, ಉತ್ತರಕ್ಕೆ ಕಾಯುತ್ತಿತ್ತು. ಆಕೆಯ ಕುತ್ತಿಗೆ ತಾನಾಗಿಯೇ ಆಡಿತು. ನಾಲ್ವರು ಬಗ್ಗಿ ಪೆಟ್ಟಿಗೆಯನ್ನು ಎತ್ತಿಕೊಂಡರು.