ಉತ್ತರ ಬಲ್ಲವರ ಏಟು

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದರೆ ಬಡಗಿಯ ಮನೆಯಲ್ಲಿ ಮೂರು ಕೆಲಸಗಳು ಒಟ್ಟಿಗೆ ಶುರುವಾಗುತ್ತಿದ್ದವು. ಮುಂದಿನ ಅಂಗಡಿಯಲ್ಲಿ ಬಡಗಿ ಉಜ್ಜುಗೊರಡು ಹಿಡಿದು ಹಲಗೆ ನುಣುಪು ಮಾಡುತ್ತಿದ್ದ. ಹಿಂದಿನ ಅಡುಗೆಮನೆಯಲ್ಲಿ ಅವನ ಹೆಂಡತಿ ಪಾತ್ರೆ ಬೆಳಗುತ್ತಿದ್ದಳು. ನಡುಮನೆಯಲ್ಲಿ ಮೂವರು ಮಕ್ಕಳು ಇಂಗ್ಲಿಷ್ ಸಾಹಿತ್ಯದ ಗೈಡು ಬಿಚ್ಚಿಕೊಂಡು ಪರೀಕ್ಷೆಗೆ ಓದಲು ಕೂರುತ್ತಿದ್ದರು. ಇಬ್ಬರು ಬಡಗಿಯ ಅವಳಿ ಮಕ್ಕಳು. ಹತ್ತು ನಿಮಿಷ ಮೊದಲು ಹುಟ್ಟಿದ ತಪ್ಪಿಗೆ ಹುಡುಗಿ ದೊಡ್ಡವಳಾಗಿದ್ದಳು, ಹುಡುಗ ಚಿಕ್ಕವನು. ಮೂರನೆಯವಳು ಪಕ್ಕದ ಮನೆಯ ಬಸ್ ಡ್ರೈವರನ ಮಗಳು. ಪುಟಗಟ್ಟಲೆ ಬಾಯಿಪಾಠ ಒಪ್ಪಿಸುತ್ತಿದ್ದಳಾದ್ದರಿಂದ ಅವಳನ್ನು ಎಲ್ಲರೂ ಗಿಳಿ ಅನ್ನುತ್ತಿದ್ದರು.

ಓದುವುದಕ್ಕೆ ಒಂದು ಪದ್ಧತಿಯಿತ್ತು. ಒಬ್ಬರು ಪ್ರಶ್ನೆ ಕೇಳಬೇಕು. ಉತ್ತರ ಗೊತ್ತಿದ್ದವರು, ಗೊತ್ತಿಲ್ಲದವರ ಕೆನ್ನೆಗೆ ಬಾರಿಸಬೇಕು. ಇದನ್ನು ಬಡಗಿ ಕಂಡುಹಿಡಿದದ್ದಲ್ಲ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಮಾಡಿಸುತ್ತಿದ್ದದ್ದೂ ಇದೇ, ಆ ಬೀದಿಯ ಹತ್ತಾರು ಮನೆಗಳಲ್ಲಿ ನಡೆಯುತ್ತಿದ್ದದ್ದೂ ಇದೇ. ಮೇಷ್ಟ್ರಿಗೆ ಕೈನೋವಿಲ್ಲ, ಬುದ್ಧಿವಂತರಿಗೆ ಮರ್ಯಾದೆ, ದಡ್ಡರಿಗೆ ನಾಚಿಕೆ, ಇಷ್ಟೆಲ್ಲ ಒಂದೇ ಏಟಿನಲ್ಲಿ ಆಗುತ್ತದೆಂದು ತಿಳಿದವರೆಲ್ಲ ಹೊಗಳುತ್ತಿದ್ದರು. ಗೆಳತಿಯ ಕೆನ್ನೆಗೆ ಗೆಳತಿಯ ಕೈಯಿಂದಲೇ ಹೊಡೆಸುವುದು ಎಂಥ ವಿದ್ಯೆಯೆಂದು ಕೇಳಿದವರು ಯಾರೂ ಇರಲಿಲ್ಲ.

ಬಡಗಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಹಾಗಾಗಿ ಅವನು ಓದನ್ನು ಕಿವಿಯಿಂದ ಅಳೆಯುತ್ತಿದ್ದ. ಏಟಿನ ಸದ್ದು ಆಗಾಗ ಕೇಳುತ್ತಿದ್ದರೆ ಓದು ನಡೆದಿದೆ ಎಂದು ಲೆಕ್ಕ. ಸದ್ದು ನಿಂತರೆ ಅಲ್ಲಿಂದಲೇ ಕೂಗುತ್ತಿದ್ದ.

"ಏನ್ರೋ ಅದು, ಹರಟೆ ಹೊಡೀತಿದ್ದೀರಾ?"

ಅವನ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಕೆಲಸ ಕಲಿಯುವ ಕಾಲದಲ್ಲಿ ಗುರು ಸುತ್ತಿಗೆಯ ಹಿಡಿಯಿಂದ ಕೊಟ್ಟ ಪೆಟ್ಟು ಅದು. ಅದನ್ನು ಎಲ್ಲರ ಮುಂದೆ ಪದಕದ ಹಾಗೆ ತೋರಿಸುತ್ತಿದ್ದ. "ಇದೊಂದು ಮುರೀದಿದ್ರೆ ನಾನು ಇವತ್ತು ಬೀದಿ ಸುತ್ತುತ್ತಿದ್ದೆ" ಎನ್ನುತ್ತಿದ್ದ. ಮಗನ ಮೇಲೆ ಅವನಿಗೆ ಪ್ರೀತಿಯಿಲ್ಲದೆ ಇರಲಿಲ್ಲ. "ನಾನು ಕುರ್ಚಿ ಮಾಡೋನು, ನನ್ನ ಮಗ ಕುರ್ಚಿ ಮೇಲೆ ಕೂರೋನಾಗಬೇಕು" ಎಂದು ಗಿರಾಕಿಗಳ ಹತ್ತಿರ ಹೇಳಿಕೊಂಡು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ.

ಮಕ್ಕಳೇನು ಕಡಿಮೆಯೇ? ಅಪ್ಪ ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುವ ಉಪಾಯ ಹೂಡಿದರು. ತಪ್ಪಿದಾಗ ದೊಡ್ಡವಳು ತನ್ನ ತೊಡೆಯ ಮೇಲಿಟ್ಟ ನೋಟ್‌ಬುಕ್ಕಿಗೆ ಪಟಾರನೆ ಬಾರಿಸುವುದು, ಚಿಕ್ಕವನು "ಅಮ್ಮಾ" ಎಂದು ನರಳುವುದು. ಚಿಕ್ಕವನ ನರಳಾಟ ಎಷ್ಟು ಚೆನ್ನಾಗಿತ್ತೆಂದರೆ ಗಿಳಿ ಬಾಯಿಗೆ ದಾವಣಿ ತುರುಕಿಕೊಂಡು ನಗುತ್ತಿದ್ದಳು. ಎರಡು ಭಾನುವಾರ ಮೂವರೂ ನಿಜವಾಗಿ ಓದಿದರು. ರಾತ್ರಿ ಕುಂಟ ನಾಯಿಯೊಂದಕ್ಕೆ ಕೋಟೆಯ ಬಾಗಿಲು ತೆಗೆದ ಕಾವಲುಗಾರನ ಪದ್ಯವೊಂದಿತ್ತು. ಅದರ ಅರ್ಥ ಚಿಕ್ಕವನಿಗೆ ಮೊದಲ ಬಾರಿ ಹೊಳೆದು, ಪಾಪ ಆ ಕಾವಲುಗಾರನ ಕೆಲಸ ಹೋಯಿತೋ ಏನೋ ಎಂದು ಅವನು ಬಹಳ ಹೊತ್ತು ಯೋಚಿಸಿದ.

ಮೂರನೆಯ ಭಾನುವಾರ ಬಡಗಿ ಗುರುತು ಹಾಕುವ ಪೆನ್ಸಿಲ್ ಹುಡುಕಿಕೊಂಡು ಬರಿಗಾಲಲ್ಲಿ ಒಳಗೆ ಬಂದ. ಮಗಳ ಕೈ ನೋಟ್‌ಬುಕ್ಕಿನ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡ.

"ನನ್ನ ಕಿವಿಗೆ ಹೂವು ಇಡ್ತೀರಾ? ಏಳೇ ಮೇಲೆ. ಹೊಡಿ ಅವನಿಗೆ, ನನ್ನ ಕಣ್ಣೆದುರಿಗೆ."

ದೊಡ್ಡವಳು ತಮ್ಮನ ಕೆನ್ನೆ ಮುಟ್ಟಿದಂತೆ ಹೊಡೆದಳು. ಬಡಗಿ ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. "ಇನ್ನೊಂದು." ಮತ್ತೊಂದು ಹೊಡೆದಳು, ಮತ್ತೆ ಗೋಡೆ. ನಾಲ್ಕನೆಯ ಸಲ ಅವಳ ಹಣೆಯಲ್ಲಿ ರಕ್ತ ಒಸರಿತ್ತು, ಕಣ್ಣು ಮಂಜಾಗಿತ್ತು. ಭಯಕ್ಕೆ ಅವಳು ಮೈಯ ಬಲವನ್ನೆಲ್ಲ ಬಿಟ್ಟು ಬೀಸಿದಳು. ಅಂಗೈ ಕೆನ್ನೆಗೆ ಬೀಳದೆ ಎಡಗಿವಿಯ ಮೇಲೆ ಬಿತ್ತು. ಚಿಕ್ಕವನು ಕೂಗಲಿಲ್ಲ. ಕಿವಿ ಮುಚ್ಚಿಕೊಂಡು ಮೆಲ್ಲಗೆ ಕೂತುಬಿಟ್ಟ.

"ಈಗ ಸರಿಹೋಯ್ತು" ಎಂದು ಬಡಗಿ ಪೆನ್ಸಿಲ್ ತೆಗೆದುಕೊಂಡು ಹೋದ.

ಸಂಜೆ ಕಿವಿಯಿಂದ ನೀರಿನಂಥದ್ದೇನೋ ಇಳಿಯಿತು. ಅಜ್ಜಿ, ಎಂದರೆ ಬಡಗಿಯ ತಾಯಿ, ಬಿಸಿ ಎಣ್ಣೆ ಬಿಟ್ಟು ಹತ್ತಿ ತುರುಕಿದಳು. ಅಮ್ಮ ಇನ್ನೊಂದು ಕಿವಿಗೂ ಕೇಳಿಸದಷ್ಟು ಸಣ್ಣಗೆ ಅತ್ತಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಓದುಗರೇ, ಮುಗಿಯಲಿಲ್ಲ. ನಿಜವಾದ ಘೋರ ಅಲ್ಲಿಂದ ಶುರುವಾಯಿತು. ದೊಡ್ಡವಳು ಕೂರುತ್ತಿದ್ದದ್ದು ತಮ್ಮನ ಎಡಗಡೆ. ಅವಳು ಪ್ರಶ್ನೆ ಕೇಳಿದರೆ ಅವನು ಸುಮ್ಮನೆ ಪುಸ್ತಕ ನೋಡುತ್ತಿದ್ದ. ಸುಮ್ಮನಿದ್ದರೆ ಏಟು. ಬಡಗಿ ಈಗ ಕೆಲಸವನ್ನು ನಡುಮನೆಯ ಬಾಗಿಲಿಗೇ ತಂದು ಕೂತಿದ್ದ, ನೋಟ್‌ಬುಕ್ಕಿನ ಆಟ ನಡೆಯುವಂತಿರಲಿಲ್ಲ. ಮತ್ತೆ ಕೇಳುವುದು, ಮತ್ತೆ ಅದೇ ಮೌನ, ಮತ್ತೆ ಅದೇ ಕಿವಿಯ ಮಗ್ಗುಲಿಗೆ ಏಟು. ಒಂದು ಬೆಳಿಗ್ಗೆ ಗಿಳಿ ಎಣಿಸಿದಳು, ಮೂವತ್ತೊಂದು ಆಗಿತ್ತು. "ಕವಿಯು ದುರ್ಬಲರಿಗೆ ದಯೆ ತೋರಬೇಕೆಂದು ಕಲಿಸುತ್ತಾನೆ" ಎಂಬ ಗೈಡಿನ ಸಾಲನ್ನು ಇಂಗ್ಲಿಷಿನಲ್ಲಿ ಕಿರುಚುತ್ತ ದೊಡ್ಡವಳು ತಮ್ಮನನ್ನು ಹೊಡೆದಳು. ಹೊಡೆಯುತ್ತ ಹೊಡೆಯುತ್ತ ಅವಳಿಗೆ ಅವನ ಮೇಲೆ ನಿಜವಾದ ಸಿಟ್ಟು ಬರತೊಡಗಿತು. ಬೇಕೆಂದೇ ಸತಾಯಿಸುತ್ತಿದ್ದಾನೆ, ಇವನಿಂದಾಗಿ ನನಗೂ ಗೋಡೆ ಎಂದುಕೊಂಡಳು. ಒಮ್ಮೆ ಉಗುರಿನಿಂದ ಪರಚಿದಳು ಕೂಡ. ಆ ಪದ್ಧತಿ ಮನುಷ್ಯರನ್ನು ಎಲ್ಲಿಗೆ ಒಯ್ಯುತ್ತದೆ ನೋಡಿ.

"ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ ಇವನಿಗೆ ಕಲಿಸೋದು" ಎಂದಳು ಅಜ್ಜಿ. "ಇನ್ನೆರಡು ಹಾಕು, ನೆಟ್ಟಗಾಗ್ತಾನೆ."

ಪರೀಕ್ಷೆಗೆ ಎಂಟು ದಿನ ಇರುವಾಗ ಬಡಗಿ ಮರ ತರಲು ಹೋಗಿದ್ದ. ಗಿಳಿ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಚಿಕ್ಕವನ ಮುಂದಿಟ್ಟಳು. ಅವನು ಪೆನ್ನು ತೆಗೆದುಕೊಂಡು ಒಂದೂವರೆ ಪುಟ ಉತ್ತರ ಬರೆದ. ಒಂದು ಅಕ್ಷರವೂ ತಪ್ಪಿರಲಿಲ್ಲ.

"ಮತ್ತೆ ಕೇಳಿದ್ರೆ ಯಾಕೋ ಹೇಳಲ್ಲ?" ಎಂದಳು ದೊಡ್ಡವಳು.

ಅವನು ತಿರುಗಿ ಅವಳ ತುಟಿ ನೋಡಿದ. "ಈ ಕಡೆ ಬಂದು ಹೇಳು. ಆ ಕಡೆ ಬರೀ ಗುಂಯ್ ಅನ್ನುತ್ತೆ."

"ಯಾವತ್ತಿಂದ?"

"ನೀನು ಜೋರಾಗಿ ಹೊಡೆದ್ಯಲ್ಲ, ಅವತ್ತಿಂದ. ಹೇಳಿದ್ರೆ ನಾಟಕ ಅಂತ ಅಪ್ಪ ಇನ್ನೂ ನಾಲ್ಕು ಕೊಡ್ತಿದ್ರು."

ದೊಡ್ಡವಳು ಅವನ ಎಡಗಡೆಯಿಂದ ಎದ್ದಳು. ಉತ್ತರ ಗೊತ್ತಿದ್ದವನಿಗೆ ಪ್ರಶ್ನೆ ಕೇಳಿಸಲಿಲ್ಲವೆಂದು ಐದು ವಾರ ಹೊಡೆದಿದ್ದಳು. ಹಿತ್ತಲಿಗೆ ಹೋಗಿ ಮುಖ ತೊಳೆದು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಚಿಕ್ಕಮ್ಮನ ಮನೆಗೆ ಓಡಿದಳು.

ಚಿಕ್ಕಮ್ಮ ಚಿಕ್ಕವನನ್ನು ಡಾಕ್ಟರಿಗೆ ತೋರಿಸಿ ಮರುದಿನ ಬಡಗಿಯ ಎದುರು ಬಂದು ಕೂತಳು.

"ಭಾವ, ಎಡಗಿವಿ ತಮಟೆ ಹರಿದು ಕೀವಾಗಿದೆ. ಎಣ್ಣೆ ಬಿಟ್ಟು ಇನ್ನೂ ಕೆಡಿಸಿದ್ದೀರಿ. ಆ ಕಿವಿ ಇನ್ನು ಸಿಗೋದು ಕಷ್ಟ. ಬಲಗಿವೀಲೂ ಊತ ಇದೆ. ಇನ್ನೊಂದು ಏಟು ಬಿದ್ರೆ ಹುಡುಗ ಪೂರ್ತಿ ಕಿವುಡ."

ಬಡಗಿ ಸೊಟ್ಟ ಬೆರಳು ನೀವಿಕೊಂಡ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ನಾವೇನು ಏಟು ತಿಂದಿಲ್ವಾ? ಸತ್ತು ಹೋದ್ವಾ?"

"ಸಾಯಲಿಲ್ಲ. ಆ ಬೆರಳು ಮಡಿಚೋಕೆ ಆಗುತ್ತಾ ನಿಮ್ಗೆ? ಅದು ನೆಟ್ಟಗಿದ್ದಿದ್ರೆ ಇನ್ನೂ ಒಳ್ಳೆ ಕೆಲಸಗಾರ ಆಗ್ತಿದ್ರಿ. ಒಂದು ಹಲಗೆ ಸೀಳಿದ್ರೆ ಉಳೀದು ತಪ್ಪು ಅಂತೀರಾ, ಹಲಗೇದು ತಪ್ಪು ಅಂತೀರಾ?"

"ದಂಡಂ ದಶಗುಣಂ ಅಂತ ಹಿರಿಯರು ಸುಮ್ನೆ ಹೇಳಿದ್ರೇನಮ್ಮ?" ಎಂದಳು ಅಜ್ಜಿ. "ಸೂಜಿ ಚುಚ್ಚೋಳು ನೀನು, ನಿನಗೇನು ಗೊತ್ತು ಮಕ್ಕಳು ಸಾಕೋದು."

ಬಡಗಿಯ ಮುಖ ಇಳಿದಿತ್ತು, ನೋವಾಗಿದ್ದದ್ದು ಸುಳ್ಳಲ್ಲ. ಕೊನೆಗೆ ತನಗೆ ತಿಳಿದಷ್ಟು ದಯೆ ತೋರಿಸಿದ. "ಆಯ್ತು. ಇನ್ಮೇಲೆ ಯಾರೂ ಕಿವಿ ಮುಟ್ಟಬೇಡಿ. ಬೆನ್ನಿಗೆ ಹೊಡೀರಿ." ಅಂಗಡಿಗೆ ಹೋಗಿ ಒಂದು ಮರದ ಪಟ್ಟಿಯನ್ನು ಸಿಬಿರು ಏಳದಂತೆ ಉಜ್ಜಿ ತಂದು ನಡುಮನೆಯಲ್ಲಿ ಇಟ್ಟ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮೂವರೂ ಕೂತಿದ್ದರು. ದೊಡ್ಡವಳು ತಮ್ಮನ ಬಲಗಡೆ ಇದ್ದಳು. ಕಾವಲುಗಾರನ ಪದ್ಯದ ಕೊನೆಯ ಸಾಲು ಕೇಳಿದಳು. ಚಿಕ್ಕವನು ಅಪ್ಪನ ಕೈಯಲ್ಲಿದ್ದ ಪಟ್ಟಿಯನ್ನೇ ನೋಡುತ್ತ ಎಲ್ಲ ಮರೆತ.

"ತಗೋ" ಎಂದು ಬಡಗಿ ಪಟ್ಟಿಯನ್ನು ಮಗಳಿಗೆ ಚಾಚಿದ.

ಅವಳು ಅದನ್ನು ತೆಗೆದುಕೊಂಡು ನೆಲದ ಮೇಲಿಟ್ಟಳು. "ನಾನು ಹೊಡಿಯಲ್ಲ ಅಪ್ಪ."

"ಉತ್ತರ ಗೊತ್ತಿಲ್ವಾ ನಿನಗೆ?"

"ಗೊತ್ತಿದೆ. ಅವನಿಗೆ ಇನ್ನೊಂದು ಸಲ ಹೇಳಿಕೊಡ್ತೀನಿ. ಹೊಡಿಯಲ್ಲ."

"ಹಾಗಾದ್ರೆ ನೀನು ಕೈ ಚಾಚು."

ಅವಳು ಬಲಗೈ ಮುಂದೆ ಮಾಡಿದಳು. ಮೊದಲ ಏಟಿಗೆ ಅಂಗೈ ಉರಿಯಿತು. "ಹೊಡೀತೀಯಾ?" "ಇಲ್ಲ." ಎರಡನೆಯದಕ್ಕೆ ಚರ್ಮ ಒಡೆಯಿತು. "ಹೊಡೀತೀಯಾ?" "ಇಲ್ಲ ಅಪ್ಪ." ಆಮೇಲೆ ಬಡಗಿ ಕೇಳಲಿಲ್ಲ, ಹೊಡೆಯುತ್ತಲೇ ಹೋದ. ಪಟ್ಟಿ ಅಡ್ಡ ತಿರುಗಿ ಅದರ ಅಂಚು ಬೆರಳುಗಳ ಮೇಲೆ ಬಿತ್ತು. ಒಳಗೆ ಏನೋ ಲಟಕ್ಕೆಂದದ್ದು ಗಿಳಿಗೂ ಕೇಳಿಸಿತು. ಚಿಕ್ಕವನು ಹಾರಿ ಅಪ್ಪನ ಸೊಂಟ ತಬ್ಬಿಕೊಂಡ. ಅಡುಗೆಮನೆಯಿಂದ ಅಮ್ಮ ಬಂದು ಪಟ್ಟಿಯನ್ನು ಕಿತ್ತುಕೊಂಡಳು. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಗಂಡನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. ಚಿಕ್ಕಮ್ಮ ಬಂದು ನೋಡಿದಾಗ ಎರಡು ಬೆರಳು ಮುರಿದಿದ್ದವು.

ಮರುದಿನ ದೊಡ್ಡವಳು ಕೈಗೆ ಪಟ್ಟು ಕಟ್ಟಿಸಿಕೊಂಡೇ ಪರೀಕ್ಷೆಗೆ ಹೋದಳು. ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಇದ್ದವರು ಇಂಗ್ಲಿಷ್ ಮೇಷ್ಟ್ರೇ. ಆ ಶಾಲೆಯಲ್ಲಿ ಊದಿದ ಮುಖಕ್ಕೂ ಮುರಿದ ಮೂಳೆಗೂ ಒಂದೇ ಕಾರಣವಿತ್ತು, ಬಿದ್ದದ್ದು. ಮಕ್ಕಳು ಹೇಳದಿದ್ದರೆ ದೊಡ್ಡವರೇ ಹೇಳಿಕೊಡುತ್ತಿದ್ದರು.

"ಏನಮ್ಮ ಇದು, ಬಿದ್ಯಾ?" ಎಂದರು ಮೇಷ್ಟ್ರು. "ಬಿದ್ದೆ ಅಂತ ಒಂದು ಅರ್ಜಿ ಕೊಡು, ನಿನ್ನ ಪರವಾಗಿ ಬರೆಯೋಕೆ ಯಾರನ್ನಾದ್ರೂ ಕೂರಿಸೋಣ."

"ಬಿದ್ದಿಲ್ಲ ಸಾರ್. ತಮ್ಮನಿಗೆ ಹೊಡಿಯಲ್ಲ ಅಂದೆ, ಅದಕ್ಕೆ ಅಪ್ಪ ಮುರಿದ್ರು. ಅದಕ್ಕೆ ಮುಂಚೆ ನಾನು ಹೊಡೆದು ತಮ್ಮನ ಕಿವಿ ಹೋಗಿದೆ."

ನಲವತ್ತು ತಲೆಗಳು ಮೇಲೆದ್ದವು. ಚಿಕ್ಕವನು ಪಕ್ಕದ ಸಾಲಿನ ಬೆಂಚಿನಿಂದ ಅಕ್ಕನ ತುಟಿಯನ್ನೇ ನೋಡುತ್ತಿದ್ದ.

"ಮೆಲ್ಲಗೆ ಮಾತಾಡು" ಎಂದರು ಮೇಷ್ಟ್ರು. "ಮನೆ ವಿಷಯ ಅರ್ಜೀಲಿ ಬೇಡ. ಬಿದ್ದೆ ಅಂತ ಹಾಕಿದ್ರೆ ಎಲ್ಲರಿಗೂ ಒಳ್ಳೇದು."

"ನನಗೆ ಬರೆಯೋಕಾಗಲ್ಲ ಸಾರ್, ನೀವೇ ಬರ್ಕೊಳ್ಳಿ. ಹೊಡೆದೋರು ಯಾರು ಅಂತ ಮೇಲೆ ಹಾಕಿ. ಮೊದಲು ನನ್ನ ಹೆಸರು. ಆಮೇಲೆ ಅಪ್ಪನದು. ಅದರ ಕೆಳಗೆ ನಿಮ್ಮದು."