ತಿದ್ದುವ ಅಮಲ್ದಾರರು

ಮಿನ್ ಹ್ಯೊನ್‌ಜಿಕ್ ಅಮಲ್ದಾರರ ಎದುರು ಯಾರೂ ಒಂದು ವಾಕ್ಯವನ್ನು ತಡೆಯಿಲ್ಲದೆ ಮುಗಿಸಿದ್ದನ್ನು ನಾನು ಕಾಣೆ. ಮಾತು ನಡುದಾರಿಗೆ ಬರುವಷ್ಟರಲ್ಲಿ ಅವರ ಬಲಗೈ ನಿಲುವಂಗಿಯ ಅಗಲವಾದ ತೋಳಿನಿಂದ ಮೆಲ್ಲನೆ ಹೊರಬಂದು, ತೋರುಬೆರಳು ಮೇಲೇಳುತ್ತಿತ್ತು. "ಮತ್ತೊಮ್ಮೆ. ಕ್ರಮವಾಗಿ ಹೇಳು." ಬೆಸ್ತನೊಬ್ಬ ಏದುಸಿರು ಬಿಡುತ್ತ ಕಚೇರಿಗೆ ಓಡಿಬಂದು, ಹಗ್ಗ ಹರಿದು ತನ್ನ ದೋಣಿ ತೇಲಿಹೋಗುತ್ತಿದೆ, ಸರ್ಕಾರಿ ದೋಣಿ ಬಿಡಿಸಿ ಎಂದು ಗೋಗರೆದಾಗಲೂ ಆ ಬೆರಳು ಎದ್ದಿತು. ಮೊದಲು ನಮಸ್ಕಾರ, ಆಮೇಲೆ ಹೆಸರು, ಆಮೇಲೆ ಸಂಗತಿ. ಬಡಪಾಯಿ ಎಲ್ಲವನ್ನೂ ಒಪ್ಪಿಸುವ ಹೊತ್ತಿಗೆ ದೋಣಿ ಕಣ್ಮರೆಯಾಗಿತ್ತು. ಅಮಲ್ದಾರರು ಸ್ವಂತ ಖರ್ಚಿನಲ್ಲಿ ಅವನಿಗೆ ಹೊಸ ದೋಣಿ ಕಟ್ಟಿಸಿಕೊಟ್ಟರು, ನಿಜ. ಕೊಡುವಾಗಲೂ ಅವನು ಬಾಗಿದ ರೀತಿಯನ್ನು ತಿದ್ದಿದರು.

ನಾನು ಆ ಕಚೇರಿಯ ಗುಮಾಸ್ತ, ಈ ದ್ವೀಪದ ಯಾಂಗ್ ಮನೆತನದವನು. ರಾಜಧಾನಿ ಹನ್ಯಾಂಗಿನಿಂದ ಇಲ್ಲಿಗೆ ಬಂದುಬೀಳುವ ಅಮಲ್ದಾರರೆಲ್ಲ ವರ್ಗದ ಆಜ್ಞೆಗಾಗಿ ಕಾಯುತ್ತ ಕಾಲ ನೂಕುವವರು. ಅಂಥವರನ್ನು ನಿಭಾಯಿಸುವುದು ನಮಗೆ ಪಿತ್ರಾರ್ಜಿತ ವಿದ್ಯೆ. ಇವರೋ, ಬಂದವರೇ ಒಣಮೀನಿನ ಉಗ್ರಾಣವನ್ನು ಬರಿದುಮಾಡಿಸಿ, ಅಲ್ಲಿ ಕನ್‌ಫ್ಯೂಷಿಯಸ್ ಗುರುವಿನ ನಾಮಫಲಕವನ್ನು ಪ್ರತಿಷ್ಠಾಪಿಸಿ, ಪಾಠಶಾಲೆ ತೆರೆದುಬಿಟ್ಟರು. ತುಂಬಿದ ಬಟ್ಟಲನ್ನು ತಲೆಯ ಮೇಲೆ ಹೊತ್ತವರಂತೆ ಅಳೆದಳೆದು ಹೆಜ್ಜೆಯಿಡುತ್ತ, ಕಡಲಗಾಳಿಗೆ ಹಾರಲು ಹವಣಿಸುವ ಕುದುರೆಗೂದಲಿನ ಟೋಪಿಯನ್ನು ಒಂದು ಕೈಯಲ್ಲಿ ಅದುಮಿಕೊಂಡು ಅವರು ಮುಂಜಾನೆ ಅತ್ತ ಹೊರಟರೆ, ಎದುರಿಗೆ ಸಿಕ್ಕವರು ಓಣಿ ಹುಡುಕುತ್ತಿದ್ದರು. ಮದುವೆಯಲ್ಲಿ ಬಾಗುವ ಬಗೆ, ಹಿರಿಯರಿಗೆ ಬಟ್ಟಲು ನೀಡುವ ಕೈ, ಕೊನೆಗೆ ಸಾವಿನ ಮನೆಯ ರೋದನ, ಯಾವುದಕ್ಕೂ ತಿದ್ದುಪಡಿ ತಪ್ಪಲಿಲ್ಲ.

"ಗಂಡ ಸತ್ತಾಗ ಹೆಂಗೆ ಅಳಬೇಕು ಅಂತ ಈಗ ಹೇಳ್ಕೊಡ್ತಾರೆ. ನಾನು ಅತ್ತು ಮುಗಿಸಿ ಎಷ್ಟೋ ಕಾಲ ಆಯ್ತು" ಎಂದಳು ಒಕ್ಸುನ್. ಕಡಲಿಗೆ ಮುಳುಗಿ ಚಿಪ್ಪುಮೀನು ತೆಗೆದು ಬದುಕುವ ವಿಧವೆ. ಅವಳ ಮಗ ಮಾನ್‌ಸೊಕ್ ಮೀಸೆ ಬಂದ ಮೇಲೆ ಪಾಠಶಾಲೆಗೆ ಸೇರಿದವನು, ಅಲ್ಲಿನವರಲ್ಲೆಲ್ಲ ಚುರುಕು.

ಬಿಕ್ಕಟ್ಟು ಬಂದದ್ದು ಮೀನಿನ ಸುಗ್ಗಿಯಲ್ಲಿ. ಪ್ರತಿ ಮನೆಯಿಂದ ಒಬ್ಬ ಗಂಡು ಪಾಠಕ್ಕೆ ಬಾರದಿದ್ದರೆ ಆ ಮನೆಯ ದೋಣಿ ಕಡಲಿಗಿಳಿಯಕೂಡದೆಂದು ಅಮಲ್ದಾರರು ಹುಕುಂ ಹೊರಡಿಸಿದರು. ಮೀನು ಬರುವುದೂ ಮುಂಜಾನೆ, ಪಾಠ ನಡೆಯುವುದೂ ಮುಂಜಾನೆ. ಒಬ್ಬನೇ ಗಂಡಿರುವ ಮನೆಗಳ ದೋಣಿಗಳು ದಂಡೆಯಲ್ಲೇ ಉಳಿದವು. ಹೇಳಿದೆ, ಕೇಳಲಿಲ್ಲ. "ಮೀನು ಮುಂದಿನ ವರ್ಷವೂ ಬರುತ್ತೆ ಗುಮಾಸ್ತರೇ" ಎಂದರು, ಮುಂದಿನ ವರ್ಷದವರೆಗೆ ಜನ ಗಾಳಿ ತಿಂದು ಬದುಕುತ್ತಾರೆಂಬಂತೆ.

ಒಕ್ಸುನ್ ನನ್ನ ಬಳಿ ಬಂದು, ಪ್ರಾಂತಾಧಿಪತಿಗಳಿಗೆ ದೂರು ಬರೆದುಕೊಡು ಎಂದಳು. ಅಂಥ ಬರವಣಿಗೆಗೆ ಒಂದಿಷ್ಟು ಒಣಮೀನು ಪಡೆಯುವುದು ನಮ್ಮ ಮನೆತನದ ಪದ್ಧತಿ. ಕೇಳಿದೆ.

"ನಿಂಗ್ಯಾಕೆ ಕೊಡ್ಲಿ? ನನ್ನ ಮಗನಿಗೇ ಬರೆಯೋಕ್ ಬರುತ್ತಲ್ಲ" ಎಂದು ನಡೆದೇಬಿಟ್ಟಳು.

ದೂರು ಯಾರ ಮೇಲಿದ್ದರೂ ಅಮಲ್ದಾರರ ಕೈ ದಾಟಿಯೇ ಹೋಗಬೇಕು. ಮಾನ್‌ಸೊಕ್ ತಂದಿಟ್ಟ ಹಾಳೆಯನ್ನು ಅವರು ಓದಿದರು. ತಮ್ಮನ್ನು ಜನರ ಅನ್ನ ಕಿತ್ತವರೆಂದು ಕರೆದ ಸಾಲಿನಲ್ಲಿ ಮುಖ ಬಿಳಿಚಿದ್ದನ್ನು ನಾನು ಕಂಡೆ. ಅವರು ಕೆಂಪು ಶಾಯಿಯ ಕುಂಚ ಕೇಳಿದರು.

"ಈ ಅಕ್ಷರಕ್ಕೆ ಬಾಲ ಎಲ್ಲಿ? ಬೈದಿದ್ದೀಯ, ಸರಿ. ಆದ್ರೆ ಕಾರಣ ಮೊದಲು ಬರಬೇಕು, ಸಿಟ್ಟು ಆಮೇಲೆ. ಹೀಗೆ ಕಳಿಸಿದ್ರೆ ಅಲ್ಲಿ ಯಾರೂ ನಂಬೋದಿಲ್ಲ. ಮತ್ತೊಮ್ಮೆ ಬರಿ."

ನನಗೆ ತಡೆಯಲಾಗಲಿಲ್ಲ. "ಬುದ್ಧೀ, ಇದನ್ನ ಒಲೆಗೆ ಹಾಕಿಬಿಡಿ. ದೋಣಿ ಬಿಡಿ ಅಂತ ಒಂದು ಮಾತು ಹೇಳಿ, ಎಲ್ಲ ಮುಗಿಯುತ್ತೆ."

"ತಪ್ಪು ಅಂತ ನನಗೆ ಅನ್ನಿಸಿಲ್ಲ, ಹಾಗಾಗಿ ಹುಕುಂ ವಾಪಸ್ ತಗೊಳ್ಳೋಲ್ಲ. ಅವನಿಗೆ ಅನ್ನಿಸಿದೆ, ಹಾಗಾಗಿ ಅವನು ಬರೀಬೇಕು. ಸುಡೋದು ಯಾಕೆ?"

ಇಂಥವರ ಜೊತೆ ವಾದಿಸುವುದಕ್ಕಿಂತ ಬಂಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಮಾನ್‌ಸೊಕ್ ಬೆವರುತ್ತ ಬರೆದ, ಅವರು ತಿದ್ದಿದರು. ಮತ್ತೆ ಬರೆದ, ಮತ್ತೆ ತಿದ್ದಿದರು. ನಿರ್ದುಷ್ಟವಾದ ಮೇಲೆ ತಾವೇ ಮೊಹರು ಒತ್ತಿ ಕಳಿಸಿದರು. ಪ್ರಾಂತಾಧಿಪತಿಗಳು ಅಷ್ಟು ಅಚ್ಚುಕಟ್ಟಾದ ದೂರಿಗೆ ಮರುಮಾತಿಲ್ಲದೆ ಅವರನ್ನು ವಜಾ ಮಾಡಿದರು.

ಹೊರಡುವ ದಿನ ದಂಡೆಯಲ್ಲಿ ಒಕ್ಸುನ್ ಒಂದು ಬುಟ್ಟಿ ಚಿಪ್ಪುಮೀನು ತಂದು ಅವರ ಕಾಲ ಬಳಿ ಇಟ್ಟಳು. "ನೀವು ತಿದ್ದದೆ ಇದ್ದಿದ್ರೆ ನಾವು ಗೆಲ್ತಿರಲಿಲ್ಲ ಬುದ್ಧಿ."

"ಹೌದಮ್ಮ. ಮೊದಲಿನದು ತುಂಬಾ ಕೆಟ್ಟದಾಗಿತ್ತು" ಎಂದರು ಅವರು, ಯಾವ ವ್ಯಂಗ್ಯವೂ ಇಲ್ಲದೆ. ದೋಣಿ ಹತ್ತುವಾಗ ಮಾತ್ರ ಟೋಪಿಯನ್ನು ಅದುಮಿಕೊಳ್ಳಲು ಮರೆತರು.

ಅವರು ಹೋದರೂ ಪಾಠಶಾಲೆ ಹೋಗಲಿಲ್ಲ. ಮಾನ್‌ಸೊಕ್ ಅದನ್ನು ದೋಣಿಗಳು ಮರಳಿದ ಮೇಲಿನ ಹೊತ್ತಿಗೆ ಬದಲಿಸಿ ನಡೆಸುತ್ತಿದ್ದಾನೆ. ಮುಂದೆ ಬಂದ ಅಮಲ್ದಾರರು ಪ್ರತಿ ಹುಕುಮಿಗೂ ಕ್ರಮಬದ್ಧವಾದ ತಕರಾರು ಪಡೆದು ಹಣ್ಣಾದರು. ನನ್ನ ಬಳಿ ಬರೆಸಲು ಈಗ ಒಬ್ಬರೂ ಬರುವುದಿಲ್ಲ. ನಾನು ಬರೆದದ್ದರಲ್ಲೇ ಬೆಸ್ತರ ಮಕ್ಕಳು ತಪ್ಪು ಹುಡುಕುತ್ತಾರೆ.

ವಿದ್ಯೆಯನ್ನೇ ಅಧಿಕಾರವೆಂದು ನಂಬಿದ ಈ ಜಾತಿಯ ಮನುಷ್ಯರೊಡನೆ ಬಾಳುವುದು ಅಸಾಧ್ಯ. ಕಳ್ಳ ಅಮಲ್ದಾರನನ್ನು ನೆಮ್ಮದಿಯಾಗಿ ಶಪಿಸಬಹುದು. ಇವರು ಆ ಸುಖವನ್ನೂ ಕೊಡುವುದಿಲ್ಲ. ಜನರ ಹಸಿವು ಇವರ ಕಣ್ಣಿಗೆ ಬೀಳದು, ಆದರೆ ಜನರ ಬುದ್ಧಿ ತಮ್ಮದಕ್ಕಿಂತ ಕಡಿಮೆಯೆಂದು ಇವರು ಒಂದು ಗಳಿಗೆಯೂ ಭಾವಿಸರು. ತಮ್ಮ ಕುತ್ತಿಗೆಗೇ ಬರುವ ಕತ್ತಿಯನ್ನು ತಾವೇ ಸಾಣೆ ಹಿಡಿದುಕೊಟ್ಟು, ಹಿಡಿಯುವ ಕೈ ಇನ್ನಷ್ಟು ಪಳಗಬೇಕಿತ್ತೆಂದು ಕೊರಗುತ್ತ ಹೋಗಿಬಿಡುತ್ತಾರೆ.