ಸಂಬಂಧದ ಕಾಲಂ

ಜನ್ನಾಪುರದ ರುದ್ರೇಶನ ಮನೆಯ ಹಾಲ್‌ನಲ್ಲಿ ಎರಡು ತಿಂಗಳಿಂದ ಒಂದು ಬೈಕು ನಿಂತಿತ್ತು. ಬೈಕು ಅಂದರೆ ಬೈಕಲ್ಲ, ಅದರ ಗುರುತು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಅವನೇ ಎಳೆದದ್ದು. ಮುಂದಿನ ಚಕ್ರ ಇಲ್ಲಿ, ಹಿಂದಿನದು ಅಲ್ಲಿ, ಹ್ಯಾಂಡಲ್ ಇಷ್ಟಗಲ. ಫೌಂಡ್ರಿಯೊಂದರಲ್ಲಿ ಎರಕದ ಭಾಗಗಳ ಅಳತೆ ನೋಡುವ ಕೆಲಸ ಅವನದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುವ ಆಸಾಮಿ. ಅಂಥವನು ಎಳೆದ ಗೆರೆ ಎಂದ ಮೇಲೆ ತಪ್ಪು ಹುಡುಕುವ ಹಾಗಿಲ್ಲ. ಕಸ ಗುಡಿಸುವಾಗ ಅಳಿಸಿದರೆ ಟೇಪು ಹಿಡಿದು ಮತ್ತೆ ಎಳೆಯುತ್ತಿದ್ದ. ಅಡುಗೆಮನೆಗೆ ಹೋಗುವಾಗ ಅದನ್ನು ಬಳಸಿಕೊಂಡೇ ಹೋಗುತ್ತಿದ್ದ. ನೋಡಿ ನಗುವವರು ಮನೆಯಲ್ಲಿ ಯಾರೂ ಇರಲಿಲ್ಲ, ಅದೊಂದು ಅನುಕೂಲ.

ಆ ಜಾಗದಲ್ಲಿ ಮೊದಲು ನೆಂಟರು ಕೂರುವ ಮರದ ಸೋಫಾ ಇತ್ತು. ನೆಂಟರು ಬರುವುದು ನಿಂತು ಆರು ವರ್ಷವಾಗಿತ್ತು. ಸೋಫಾವನ್ನು ಕೆಲಸದ ಗೆಳೆಯ ಕರಿಯಣ್ಣನಿಗೆ ಕೊಟ್ಟುಬಿಟ್ಟಿದ್ದ.

ಅವನು ಮನಸ್ಸಿಟ್ಟಿದ್ದ ಬೈಕು ಎಂಟುನೂರು ಸಿಸಿಯದು, ನೇಕೆಡ್ ಎನ್ನುತ್ತಾರಲ್ಲ, ಆ ಜಾತಿಯದು. ಮೈಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇಲ್ಲ, ಇಂಜಿನ್ನು ಪೂರ್ತಿ ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಿ ಅದರ ಫೋಟೊ ನೋಡಿದ ಕರಿಯಣ್ಣ, "ಇಷ್ಟು ದುಡ್ಡು ಸುರಿದು ಬಟ್ಟೆ ಇಲ್ಲದ ಗಾಡಿ ತರ್ತೀಯಲ್ಲ ಮಾರಾಯ, ಕಾರೇ ಬರ್ತಿತ್ತಲ್ಲ" ಎಂದಿದ್ದ. ಕಾರಿನಲ್ಲಿ ಐದು ಸೀಟು. ಉಳಿದ ನಾಲ್ಕರಲ್ಲಿ ಯಾರನ್ನು ಕೂರಿಸಲಿ ಎಂದು ರುದ್ರೇಶ ಕೇಳಲಿಲ್ಲ.

ಊಟಕ್ಕೆ ಕೂತಾಗ ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಆ ಬೈಕು ಎಲ್ಲಿಯದೋ ಘಟ್ಟದ ರಸ್ತೆಯಲ್ಲಿ ಓಡುವ ವಿಡಿಯೊ ಹಾಕಿಕೊಳ್ಳುತ್ತಿದ್ದ. ಮೂರನೇ ಗೇರಿನಿಂದ ನಾಲ್ಕಕ್ಕೆ ಬೀಳುವ ಸದ್ದು ಬಂದಾಗ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ನಲವತ್ನಾಲ್ಕು ವರ್ಷದ ಗಂಡಸಿಗೆ ಊಟದ ಜೊತೆಗಿದ್ದದ್ದು ಆ ಸದ್ದೊಂದೇ.

ಅಂತೂ ಒಂದು ಶುಕ್ರವಾರ ಅರ್ಧ ದಿನ ರಜೆ ಹಾಕಿ, ಹಳೇ ಬೈಕು ಹತ್ತಿ ಶಿವಮೊಗ್ಗದ ಶೋರೂಮಿಗೆ ಹೋದ. ಇಷ್ಟು ದೊಡ್ಡ ಗಾಡಿಯನ್ನು ಅವರು ಅಂಗಡಿಯಲ್ಲಿ ಇಟ್ಟಿರುವುದಿಲ್ಲ, ಬುಕ್ ಮಾಡಿದರೆ ಬೆಂಗಳೂರಿನಿಂದ ತರಿಸಿಕೊಡುತ್ತಾರೆ. ಮೇಜಿನ ಹಿಂದೆ ಮಧುಶ್ರೀ ಎಂಬ ಹುಡುಗಿ ಕೂತಿದ್ದಳು. ಬಾಯಿಗಿಂತ ಅವಳ ಬೆರಳು ಚುರುಕು.

"ಕಲರ್ ಸರ್?"

"ಬೂದಿ ಬಣ್ಣದ್ದು." ಈ ಉತ್ತರವನ್ನು ಅವನು ಎರಡು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ.

"ಡೆಲಿವರಿ ದಿನ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ ಸರ್. ಪೂಜೆ ಮಾಡಿಸಿ, ಕೇಕ್ ಕಟ್ ಮಾಡಿಸಿ ಫೋಟೊ ತೆಗೀತೀವಿ. ಎಷ್ಟು ಜನ ಬರ್ತೀರ?"

"ನಾನೊಬ್ನೇ."

"ಪರವಾಗಿಲ್ಲ ಸರ್, ಚಿಕ್ಕ ಕೇಕ್ ತರಿಸ್ತೀನಿ."

ಬುಕಿಂಗ್ ಜೊತೆಗೆ ಇನ್ಶೂರೆನ್ಸ್ ಫಾರ್ಮನ್ನೂ ತುಂಬಿಬಿಡೋಣವೆಂದು ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಪರದೆಯ ಮೇಲಿಂದ ಕಣ್ಣು ತೆಗೆಯದೆ ಒಂದೊಂದಾಗಿ ಕೇಳುತ್ತಾ ಹೋದಳು.

"ತಂದೆ ಹೆಸರು?"

"ಓಂಕಾರಪ್ಪ. ಈಗಿಲ್ಲ."

"ವಯಸ್ಸು?"

"ನಲವತ್ನಾಲ್ಕು."

"ಮದುವೆ?"

"ಇಲ್ಲ."

"ಸಂಬಂಧ?"

"ಬಂದಿದ್ವು. ಯಾವುದೂ ಕೂಡಿ ಬರ್ಲಿಲ್ಲ ಕಣಮ್ಮ" ಎಂದುಬಿಟ್ಟ ರುದ್ರೇಶ.

ಕೀಲಿಮಣೆಯ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು. ಅವನ ತಪ್ಪೇನೂ ಇಲ್ಲ. ಇಪ್ಪತ್ತು ವರ್ಷದಿಂದ ಮದುವೆಮನೆ, ಗೃಹಪ್ರವೇಶ, ಬಸ್‌ಸ್ಟ್ಯಾಂಡು ಎಲ್ಲೆಂದರಲ್ಲಿ ಕೇಳಿದ ಪ್ರಶ್ನೆ ಅದು. ಮದುವೆ ಇಲ್ಲವೆಂದ ಕೂಡಲೇ ಸಂಬಂಧದ ಮಾತು ಬರಲೇಬೇಕು. ಉತ್ತರ ಅವನನ್ನು ಕೇಳದೆ ತಾನೇ ಎದ್ದು ಬಂದಿತ್ತು.

"ಅದಲ್ಲ ಸರ್" ಎಂದಳು ಮಧುಶ್ರೀ ಮೆಲ್ಲಗೆ. "ನಾಮಿನಿದು. ಗಾಡಿ ಓಡಿಸುವಾಗ ನಿಮಗೇನಾದ್ರೂ ಆದ್ರೆ ಇನ್ಶೂರೆನ್ಸ್ ದುಡ್ಡು ಯಾರಿಗೆ ಹೋಗ್ಬೇಕು, ಅವರು ನಿಮಗೇನಾಗ್ಬೇಕು ಅಂತ."

ಅವಳು ನಕ್ಕಿದ್ದರೆ ವಾಸಿಯಿತ್ತು. ನಗಲಿಲ್ಲ. ರುದ್ರೇಶನಿಗೆ ಕೂತ ಕುರ್ಚಿಯ ಸಮೇತ ನೆಲದೊಳಕ್ಕೆ ಇಳಿದುಹೋಗಬೇಕೆನಿಸಿತು.

"ಅದನ್ನ ಖಾಲಿ ಬಿಡೋಕೆ ಆಗಲ್ವಾ?"

"ಬಿಟ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ ಸರ್. ಈ ಸಲ ನಮಗೆ ಕೊಟ್ಟಿರೋದು ಒಂದೇ ಗಾಡಿ. ಸಾಗರದವರೊಬ್ರು ಕೇಳ್ತಿದಾರೆ. ನಾಳೆ ಮಧ್ಯಾಹ್ನದೊಳಗೆ ಫಾರ್ಮ್ ಮುಗಿಸಿದ್ರೆ ನಿಮ್ದು, ಇಲ್ಲಾಂದ್ರೆ ಅವರಿಗೆ ಹೋಗುತ್ತೆ. ಮುಂದಿನದು ಯಾವಾಗಲೋ ಹೇಳಕ್ಕಾಗಲ್ಲ. ಹೆಸರು, ಸಂಬಂಧ, ಹುಟ್ಟಿದ ತಾರೀಖು, ಇಷ್ಟು ಹೇಳಿದ್ರೆ ಸಾಕು."

ಇಷ್ಟು ಹೇಳಿದರೆ ಸಾಕಂತೆ. ಹಣ ಸಿದ್ಧವಿತ್ತು, ಬಣ್ಣ ಗೊತ್ತಿತ್ತು, ಹಾಲ್‌ನಲ್ಲಿ ಜಾಗವೂ ಇತ್ತು. ಒಂದು ಹೆಸರಿಗೆ ಮಾತ್ರ ಅವನು ತಡಕಾಡಬೇಕಾಯಿತು.

ಹೆಸರು ಇರಲಿಲ್ಲವೆಂದಲ್ಲ. ಶೋರೂಮಿನಿಂದ ಹತ್ತು ನಿಮಿಷದ ದಾರಿ, ಹೊಸಮನೆ ಬಡಾವಣೆಯಲ್ಲಿ ಅವನ ಒಡಹುಟ್ಟಿದ ಅಕ್ಕ ಜಗದಾಂಬಾ ಇದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಹೆಣ್ಣು ಹುಡುಕುವುದನ್ನು ಅವಳೇ ತಲೆಗೆ ಹಚ್ಚಿಕೊಂಡಿದ್ದಳು. ತರೀಕೆರೆ, ಚನ್ನಗಿರಿ, ಹೊಳಲ್ಕೆರೆ ಎಂದು ಅಲೆದು, ಪ್ಲಾಸ್ಟಿಕ್ ಕವರಿನಲ್ಲಿ ಫೋಟೊ ಜಾತಕ ಹೊತ್ತು ತರುತ್ತಿದ್ದಳು. ಹದಿನಾರು ಸಂಬಂಧ ಹೇಗೋ ತಪ್ಪಿದವು. ಹದಿನೇಳನೆಯದನ್ನು ತಪ್ಪಿಸಿದವನು ರುದ್ರೇಶನೇ. ಚನ್ನಗಿರಿಯ ಹೆಣ್ಣಿನ ಕಡೆಯವರು ಮನೆ ನೋಡಲು ಬರಬೇಕಿದ್ದ ಭಾನುವಾರ, ಈಗ ಬಂದೆ ಎಂದು ಹೇಳಿ ಶಿವಮೊಗ್ಗಕ್ಕೆ ಹೋಗಿದ್ದ. ಅಲ್ಲಿ ಯಾವುದೋ ಮೇಳಕ್ಕೆ ದೊಡ್ಡ ಬೈಕೊಂದು ಬಂದಿತ್ತು. ನೋಡಿದ, ಮುಟ್ಟಿದ, ಕೂತ, ಸ್ಟಾರ್ಟ್ ಮಾಡಿಸಿ ಕೇಳಿದ. ಗಡಿಯಾರ ನೋಡುವುದನ್ನು ಮಾತ್ರ ಮರೆತ.

ಮನೆಗೆ ಬಂದಾಗ ಸೋಫಾ ಖಾಲಿಯಿತ್ತು. ಅರ್ಧ ತಿಂದ ಕೇಸರಿಬಾತಿನ ತಟ್ಟೆಗಳ ಮೇಲೆ ನೊಣ ಕೂತಿತ್ತು. ಅಕ್ಕ ತಟ್ಟೆಗಳನ್ನು ತೊಳೆದು ಒರೆಸಿ ಇಟ್ಟಳು. ದನಿ ಏರಿಸಲಿಲ್ಲ. "ಇನ್ಮೇಲೆ ನಿನಗೆ ಸಂಬಂಧ ನೋಡೋದೂ ಇಲ್ಲ, ನಿನಗೂ ನನಗೂ ಸಂಬಂಧಾನೂ ಇಲ್ಲ" ಎಂದು ಹೇಳಿ ಬಸ್ಸು ಹತ್ತಿದಳು. ಅವನಿಗೂ ಜಂಬ. ಅವಳೇ ಮೊದಲು ಮಾತಾಡಿಸಲಿ ಎಂದು ಕಾದ. ಅವಳೂ ಅದನ್ನೇ ಕಾದಳೋ ಏನೋ, ಆರು ವರ್ಷ ಕಳೆಯಿತು.

ಸಂಜೆ ಜನ್ನಾಪುರದ ಟೀ ಅಂಗಡಿಯಲ್ಲಿ ಕರಿಯಣ್ಣನಿಗೆ ವಿಷಯ ಹೇಳಿದ.

"ಅಷ್ಟೇನಾ? ನನ್ನ ಹೆಸರು ಬರೆಸು ಮಾರಾಯ. ಆದ್ರೆ ಸಂಬಂಧ ಅಂತ ಏನು ಬರೆಸ್ತೀಯ? ಟೀ ಕುಡಿಯೋರು ಅಂತನಾ?"

ಇಬ್ಬರೂ ನಕ್ಕರು. ಕರಿಯಣ್ಣನ ಮನೆಯಿಂದ ಫೋನ್ ಬಂತು, ಸಾರಿಗೆ ಕೊತ್ತಂಬರಿ ತರಬೇಕಂತೆ, ಎದ್ದು ಹೋದ. ರುದ್ರೇಶ ಮನೆಗೆ ಬಂದು, ಚಪ್ಪಲಿ ಬಿಟ್ಟು, ಸೀಮೆಸುಣ್ಣದ ಗೆರೆಯೊಳಗೆ ಮೊದಲ ಸಲ ಕಾಲಿಟ್ಟು ನೆಲದ ಮೇಲೆ ಕೂತ. ಅವನಿಗೆ ಅಳು ಬಂತು. ಬೈಕು ಕೈತಪ್ಪುತ್ತದೆಂಬ ಅಳುವಲ್ಲ ಅದು. ರಸ್ತೆಯಲ್ಲಿ ಬಿದ್ದರೆ ಪೊಲೀಸಿನವರು ತನ್ನ ಫೋನು ಎತ್ತಿ ಯಾರ ನಂಬರು ಒತ್ತುತ್ತಾರೆ ಎಂದು ಯೋಚಿಸಿದ, ಒಂದೂ ತೋಚಲಿಲ್ಲ. ಎದ್ದಾಗ ಪ್ಯಾಂಟಿಗೆಲ್ಲ ಸುಣ್ಣ ಮೆತ್ತಿತ್ತು, ಗೆರೆ ಅರ್ಧ ಅಳಿಸಿತ್ತು. ಅವತ್ತು ಮತ್ತೆ ಎಳೆಯಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹೊಸಮನೆಯಲ್ಲಿದ್ದ. ಜಗದಾಂಬಾ ಕಾಂಪೌಂಡಿನೊಳಗೆ ನಿಂತು ಪೂಜೆಗೆ ಕಣಗಿಲೆ ಬಿಡಿಸುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ಅಕ್ಕನಿಗೆ ವಯಸ್ಸಾದದ್ದನ್ನು ನೋಡಲೂ ತಾನು ಇರಲಿಲ್ಲವಲ್ಲ ಎಂದುಕೊಂಡ. ಹೆಲ್ಮೆಟ್ ತೆಗೆದು ಗೇಟಿನ ಹೊರಗೆ ನಿಂತ.

ಅವಳು ನೋಡಿದಳು. ಹೂ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಏನು?"

"ನಿನ್ನ ಹುಟ್ಟಿದ ತಾರೀಖು ಬೇಕಿತ್ತು."

"ಯಾಕೆ, ಈಗ ನೀನು ನನಗೆ ಸಂಬಂಧ ನೋಡ್ತೀಯಾ?"

ನಗಬೇಕೋ ಬೇಡವೋ ತಿಳಿಯದೆ ಅವನು ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ ನಿಂತ. "ಬೈಕ್ ಬುಕ್ ಮಾಡ್ತಿದೀನಿ. ಇನ್ಶೂರೆನ್ಸಿಗೆ ನಾಮಿನಿ ಬೇಕಂತೆ."

"ಮತ್ತೆ ಬೈಕು."

"ಹೂಂ."

"ಅಂದ್ರೆ ನೀನು ಸತ್ರೆ ನನಗೆ ದುಡ್ಡು ಬರುತ್ತೆ."

"ಹೂಂ."

"ಎಷ್ಟು?"

"ಹದಿನೈದು ಲಕ್ಷ."

ಹೂ ಬಿಡಿಸುತ್ತಿದ್ದ ಕೈ ನಿಂತಿತು. ಆಮೇಲೆ, "ನಿಜದ್ದು ಬೇಕಾ, ಶಾಲೇದಾ?" ಎಂದು ಕೇಳಿದಳು. ಅವಳು ಹುಟ್ಟಿದ್ದು ಗೌರಿಹಬ್ಬದ ಮಾರನೇ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ತಾರೀಖು ಬರೆದಿದ್ದರು.

"ಶಾಲೇದು."

"ಜೂನ್ ಒಂದು. ಎಪ್ಪತ್ತೆಂಟು."

ಅವನು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. ಜಗದಾಂಬಾ ಗೇಟಿನ ಹತ್ತಿರ ಬಂದಳು. ಚಿಲಕದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

"ರುದ್ರ."

ಆ ಹೆಸರಿನಲ್ಲಿ ಅವನನ್ನು ಕರೆಯುವವರು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು.

"ಆ ದುಡ್ಡು ನನ್ನ ಕೈಗೆ ಬರೋ ಹಾಗೆ ಮಾಡ್ಬೇಡ ಕಣೋ."

ಅಷ್ಟು ಹೇಳಿ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ರುದ್ರೇಶ ಕಾದ. ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಕಾಫಿಗೆ ಬಾ ಎಂದು ಯಾರೂ ಕರೆಯಲಿಲ್ಲ. ಆರು ವರ್ಷದ ಕೋಪ ಒಂದು ತಾರೀಖು ಕೇಳಿದ್ದಕ್ಕೆ ಇಳಿದುಬಿಡಲಿ ಎಂದು ಬಯಸುವುದೂ ಹೆಚ್ಚಾಯಿತು. ಅವನು ಬೈಕನ್ನು ಸದ್ದಿಲ್ಲದೆ ಬೀದಿಯ ತುದಿಯವರೆಗೂ ತಳ್ಳಿಕೊಂಡು ಹೋಗಿ ಆಮೇಲೆ ಸ್ಟಾರ್ಟ್ ಮಾಡಿದ.

ಶೋರೂಮಿನ ಬಾಗಿಲು ಆಗಷ್ಟೇ ತೆಗೆದಿತ್ತು. ಮಧುಶ್ರೀ ನಿನ್ನೆಯ ಫಾರ್ಮನ್ನು ಪರದೆಯ ಮೇಲೆ ತಂದಳು. ನಿನ್ನೆ ಆದದ್ದು ನೆನಪಿತ್ತೇನೋ, ಈ ಸಲ ಹುಷಾರಾಗಿ ಕೇಳಿದಳು.

"ನಾಮಿನಿ ಹೆಸರು ಸರ್?"

"ಜಗದಾಂಬಾ."

"ಹುಟ್ಟಿದ ತಾರೀಖು?"

ಅಂಗೈ ಬಿಡಿಸಿ ಓದಿದ. ಬೆವರಿಗೆ ಶಾಯಿ ಹರಡಿತ್ತು, ಆದರೂ ಕಾಣುತ್ತಿತ್ತು.

"ಸಂಬಂಧ?"

"ಇದೆ" ಎಂದ ರುದ್ರೇಶ.

ಮಧುಶ್ರೀಯ ಬೆರಳು ಮತ್ತೆ ನಿಂತಿತು. ಅವನು ಅಂಗೈ ಮಡಚಿಕೊಂಡು, "ಅಕ್ಕ ಅಂತ ಬರ್ಕೊಳ್ಳಮ್ಮ" ಎಂದ.